ಸ್ಯಾಂಪಲ್‌ಗೆ ಸರಿ, ಸಬ್ಮಿಟ್ ಮಾಡಿದರೆ ತಪ್ಪು

ಒಂಬತ್ತನೇ ತರಗತಿಯ ಮಗಳು ಸಿ ಪ್ಲಸ್ ಪ್ಲಸ್‌ನಲ್ಲಿ ಬರೆದ, ಸಂಖ್ಯೆಗಳ ಮೊತ್ತ ಕಂಡುಹಿಡಿಯೋ ಪ್ರೋಗ್ರಾಂ, ಪ್ರಶ್ನೆಯ ಜೊತೆ ಕೊಟ್ಟ ಸ್ಯಾಂಪಲ್‌ಗೆ (ಮಾದರಿ ಇನ್‌ಪುಟ್‌ಗೆ) ಸರಿ ಉತ್ತರ ಕೊಡುತ್ತೆ, ಕೋಡಿಂಗ್ ಸೈಟಿಗೆ ಸಬ್ಮಿಟ್ ಮಾಡಿದರೆ ‘ರಾಂಗ್ ಆನ್ಸರ್’ ಅನ್ನುತ್ತೆ ಅಂತ ಕೇಳಿದ್ದೀರಿ. ನೀವೇ ಬರೆದಿರುವ, ಪ್ರಶ್ನೆಯ ಇನ್‌ಪುಟ್ ಮಿತಿ ನೋಡಿ: 2 ಲಕ್ಷ ಸಂಖ್ಯೆಗಳು, ಒಂದೊಂದೂ 100 ಕೋಟಿವರೆಗೆ. ಇಂಟ್ (ಪೂರ್ಣಾಂಕ ಇಡೋ ಮಾಮೂಲಿ ವೇರಿಯಬಲ್ ಬಗೆ) ಹಿಡಿಯೋದು 2147483647ರವರೆಗೆ ಮಾತ್ರ. 100 ಕೋಟಿಯ ಮೂರು ಸಂಖ್ಯೆ ಕೂಡಿದರೇ ಉಕ್ಕಿ, ಮೊತ್ತ ಮೈನಸ್‌ಗೆ ಹೋಗಿಬಿಡುತ್ತೆ. ಸ್ಯಾಂಪಲ್‌ನಲ್ಲಿ ಐದಾರು ಪುಟ್ಟ ಸಂಖ್ಯೆಗಳಷ್ಟೇ ಇರೋದರಿಂದ ಇದು ಕಾಣಲ್ಲ.

ಮೊತ್ತದ ವೇರಿಯಬಲ್ಲನ್ನು ‘ಲಾಂಗ್ ಲಾಂಗ್’ (ಇನ್ನೂ ದೊಡ್ಡ ಸಂಖ್ಯೆ ಹಿಡಿಯೋ ಬಗೆ) ಮಾಡಿಸಿ. ಗುಣಾಕಾರ ಇದ್ದರೆ ಅಷ್ಟೇ ಸಾಲದು: ಎರಡು ದೊಡ್ಡ ಇಂಟ್ ಗುಣಿಸಿ ಉತ್ತರವನ್ನು ಲಾಂಗ್ ಲಾಂಗ್‌ಗೆ ಹಾಕಿದರೂ, ಹಾಕೋ ಮೊದಲೇ ಅದು ಕೆಟ್ಟಿರುತ್ತೆ. ಗುಣಿಸುವ ಒಂದಾದರೂ ಲಾಂಗ್ ಲಾಂಗ್ ಆಗಿರಬೇಕು.

ಆಮೇಲೂ ತಪ್ಪು ಬಂದರೆ, ಒಂದೇ ಇನ್‌ಪುಟ್‌ನಲ್ಲಿ ಹಲವು ಟೆಸ್ಟ್ ಕೇಸ್ (ಬೇರೆ ಬೇರೆ ಲೆಕ್ಕಗಳು) ಇವೆಯಾ ನೋಡಿ. ಪ್ರತಿ ಕೇಸಿಗೂ ಮೊತ್ತ ಮತ್ತೆ ಸೊನ್ನೆ ಮಾಡೋದನ್ನು ಮಕ್ಕಳು ಮರೀತಾರೆ (ದೊಡ್ಡವರೂ ಮರೀತಾರೆ, ಬಿಡಿ). ‘ಟೈಮ್ ಲಿಮಿಟ್ ಎಕ್ಸೀಡೆಡ್’ (ಕೊಟ್ಟ ಸಮಯ ಮೀರಿತು) ಅಂತ ಬಂದರೆ ಕಥೆ ಬೇರೆ. ಲೂಪಿನೊಳಗೆ ಲೂಪ್ ಹಾಕಿದರೆ 2 ಲಕ್ಷ × 2 ಲಕ್ಷ, ಅಂದರೆ 4000 ಕೋಟಿ ಹೆಜ್ಜೆ. ಸೆಕೆಂಡಿಗೆ ಸುಮಾರು 10 ಕೋಟಿ ಅಂತ ಲೆಕ್ಕ ಇಟ್ಟುಕೊಳ್ಳಿ. ಅಲ್ಲಿ ಉಪಾಯವೇ ಬದಲಾಗಬೇಕು.

ಸಬ್ಮಿಟ್ ಮಾಡೋ ಮುಂಚೆ 100 ಕೋಟಿಯ ಮೂರು ಸಂಖ್ಯೆ ಕೊಟ್ಟು ನೋಡಲಿ, 3000000000 ಬರಬೇಕು. ಒಂದೇ ಸಂಖ್ಯೆ ಇರುವ ಇನ್‌ಪುಟ್ಟನ್ನೂ ಕೊಡಲಿ.