ಸಿ ಪ್ರೋಗ್ರಾಮಿನಲ್ಲಿ ಒಂದೇ ಸ್ಟ್ರಿಂಗಿನ ಲಕ್ಷಾಂತರ ಪ್ರತಿಗಳನ್ನು ತಪ್ಪಿಸುವುದು ಹೇಗೆ?

ಬೆಳೆ ಸಮೀಕ್ಷೆಯ 20 ಲಕ್ಷ ಸಾಲುಗಳ ಕಡತವನ್ನು ನಿಮ್ಮ ಪ್ರೋಗ್ರಾಮ್ ಓದುತ್ತದೆ, ಪ್ರತಿ ಸಾಲಿನಲ್ಲಿರುವ ಜಿಲ್ಲೆ, ತಾಲ್ಲೂಕು, ಬೆಳೆ ಎಂಬ ಮೂರು ಕನ್ನಡ ಹೆಸರುಗಳನ್ನೂ ಸ್ಟ್ರ್‌ಡಪ್ ಮಾಡಿ (ಸ್ಟ್ರಿಂಗಿನ, ಅಂದರೆ ಅಕ್ಷರಗಳ ಸಾಲಿನ, ಹೊಸ ಪ್ರತಿ ಮಾಡುವ ಫಂಕ್ಷನ್) ಆ ಸಾಲಿನ ದಾಖಲೆಯಾದ ಸ್ಟ್ರಕ್ಟಿನಲ್ಲಿ ಇಡುತ್ತೀರಿ, ಮೆಮೊರಿ ಸಾಲುತ್ತಿಲ್ಲ. ಒಂದು ಹೆಸರಿನ ಒಂದೇ ಪ್ರತಿಯನ್ನು ಎಲ್ಲ ದಾಖಲೆಗಳೂ ಹಂಚಿಕೊಳ್ಳುವಂತೆ ಮಾಡಬಹುದೇ, ಕಂಪೈಲರೇ ಈ ಕೆಲಸವನ್ನು ಮಾಡಿಕೊಡುವುದಿಲ್ಲವೇ ಎಂದು ಕೇಳಿದ್ದೀರಿ.

ಎರಡನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ. ಕಂಪೈಲರ್ ಹಂಚಿಕೊಳ್ಳುವಂತೆ ಮಾಡುವುದು ನೀವು ಕೋಡಿನಲ್ಲೇ ಉದ್ಧರಣ ಚಿಹ್ನೆಗಳ ನಡುವೆ ಬರೆದ ಸ್ಟ್ರಿಂಗುಗಳನ್ನು ಮಾತ್ರ. ಒಂದೇ ರೀತಿಯ ಇಂಥ ಎರಡು ಸ್ಟ್ರಿಂಗುಗಳಿಗೆ (ಲಿಟರಲ್‌ಗಳಿಗೆ) ಒಂದೇ ವಿಳಾಸ ಇರಬೇಕೋ ಬೇರೆ ಬೇರೆ ಇರಬೇಕೋ ಎಂಬುದನ್ನು ಸಿ ಮಾನಕ ನಿರ್ಧರಿಸಿಲ್ಲ. ಆದ್ದರಿಂದ ಕಂಪೈಲರೂ, ಅದು ಕೊಟ್ಟ ತುಂಡುಗಳನ್ನು ಜೋಡಿಸುವ ಲಿಂಕರೂ ಅವುಗಳನ್ನು ಒಂದುಗೂಡಿಸಬಹುದು. ಸಿ ಸ್ಟ್ರಿಂಗ್ ಸೊನ್ನೆ ಬೈಟಿನಲ್ಲಿ ಮುಗಿಯುವುದರಿಂದ, ‘ನಗರ’ ಎಂಬುದಕ್ಕೆ ಪ್ರತ್ಯೇಕ ಜಾಗ ಕೊಡದೆ ‘ವಿಜಯನಗರ’ದ ಬಾಲವನ್ನೇ ತೋರಿಸುವ ಲಿಂಕರ್‌ಗಳೂ ಇವೆ. ಆದರೆ ಪ್ರೋಗ್ರಾಮ್ ಓಡುವಾಗ ಕಡತದಿಂದ ಬಂದ ಅಕ್ಷರಗಳು ಕಂಪೈಲರಿನ ಕಣ್ಣಿಗೆ ಬೀಳುವುದೇ ಇಲ್ಲ. ಆ ಕೆಲಸವನ್ನು ನೀವೇ ಮಾಡಬೇಕು.

ಈಗ ಒಂದು ಹೆಸರು ಎಷ್ಟು ಜಾಗ ತಿನ್ನುತ್ತದೆ ಎಂಬುದನ್ನು ಹತ್ತಿರದಿಂದ ನೋಡೋಣ. ಅಕ್ಷರಗಳನ್ನು ಬೈಟುಗಳಾಗಿ ಬರೆಯುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ 3 ಬೈಟ್ ಬೇಕು. ‘ಬೆಂಗಳೂರು’ ಎಂಬಲ್ಲಿ ಸ್ವರಚಿಹ್ನೆಗಳೂ ಅನುಸ್ವಾರವೂ ಸೇರಿ 8 ಸಂಕೇತಗಳಿವೆ. ಅಂದರೆ 24 ಬೈಟ್, ಕೊನೆಯ ಸೊನ್ನೆ ಸೇರಿ 25. 64 ಬಿಟ್ ಲಿನಕ್ಸಿನ ಸಿ ಲೈಬ್ರರಿಯಾದ ಜಿಲಿಬ್‌ಸಿಯಲ್ಲಿ (glibc) ಮೆಮೊರಿ ಕೊಡುವ ಫಂಕ್ಷನ್ ಮ್ಯಾಲಾಕ್ ತನ್ನ ಲೆಕ್ಕಕ್ಕಾಗಿ 8 ಬೈಟ್ ಸೇರಿಸಿಕೊಂಡು, ಮೊತ್ತವನ್ನು 16ರ ಗುಣಕಕ್ಕೆ ಏರಿಸುತ್ತದೆ. 33 ಆಗಿದ್ದದ್ದು 48 ಆಗುತ್ತದೆ. ಒಂದೇ ಒಂದು ಬೈಟ್ ಕಡಿಮೆ ಇದ್ದಿದ್ದರೆ 32ರಲ್ಲಿ ಮುಗಿಯುತ್ತಿತ್ತು. ಆ 32 ಬೈಟ್ ಅಲ್ಲಿನ ಕನಿಷ್ಠ ತುಂಡು. ನಿಮ್ಮ ಎಲ್ಲ ಹೆಸರುಗಳೂ ಅದರಲ್ಲೇ ಹಿಡಿಸುತ್ತವೆ ಎಂದುಕೊಂಡರೂ 60 ಲಕ್ಷ ತುಂಡುಗಳಿಗೆ 19.2 ಕೋಟಿ ಬೈಟ್ ಆಗುತ್ತದೆ. ಇಷ್ಟೆಲ್ಲ ಜಾಗ ಹೋಗುತ್ತಿರುವುದು 31 ಜಿಲ್ಲೆ, 300ಕ್ಕಿಂತ ಕಡಿಮೆ ತಾಲ್ಲೂಕು ಮತ್ತು ಒಂದಿಷ್ಟು ಬೆಳೆಗಳ ಹೆಸರಿಗೆ.

ಇದಕ್ಕಿರುವ ಪರಿಹಾರವನ್ನು, ಅಂದರೆ ಒಂದೇ ಪ್ರತಿ ಇಟ್ಟು ಎಲ್ಲರಿಗೂ ಹಂಚುವುದನ್ನು, ಇಂಟರ್ನಿಂಗ್ ಎನ್ನುತ್ತಾರೆ. ಲುವಾ ಭಾಷೆಯ ಸಿ ಕೋಡ್ 40 ಬೈಟ್‌ವರೆಗಿನ ಎಲ್ಲ ಸ್ಟ್ರಿಂಗುಗಳನ್ನೂ ಹೀಗೆಯೇ ಇಡುತ್ತದೆ. ಹೆಸರಿನಿಂದ ಲೆಕ್ಕ ಹಾಕಿದ ಸಂಖ್ಯೆಯ (ಹ್ಯಾಶ್) ಮೂಲಕ ಬೇಗ ಹುಡುಕಲು ಬರುವ ಒಂದು ಹ್ಯಾಶ್ ಟೇಬಲ್ ಇಟ್ಟುಕೊಳ್ಳಿ. ಹೆಸರು ಬಂದಾಗ ಅದರಲ್ಲಿ ಹುಡುಕಿ. ಇದ್ದರೆ ಹಳೆಯ ಪಾಯಿಂಟರನ್ನೇ (ಆ ಪ್ರತಿಯ ವಿಳಾಸವನ್ನೇ) ಹಿಂದಿರುಗಿಸಿ, ಇಲ್ಲದಿದ್ದರೆ ಮಾತ್ರ ಪ್ರತಿ ಮಾಡಿ ಸೇರಿಸಿ. ಈ ಫಂಕ್ಷನ್ ಪಾಯಿಂಟರಿನ ಜೊತೆಗೆ ಉದ್ದವನ್ನೂ ತೆಗೆದುಕೊಳ್ಳುವಂತಿರಲಿ. ಆಗ ಓದಿದ ಸಾಲಿನ ಬಫರಿನಲ್ಲಿ ಹೆಸರು ಇರುವ ಜಾಗದಿಂದಲೇ ಹುಡುಕಬಹುದು. ಮೊದಲು ಸ್ಟ್ರ್‌ಡಪ್ ಮಾಡಿ, ಹುಡುಕಿ, ಸಿಕ್ಕಿದ ಮೇಲೆ ಫ್ರೀ ಮಾಡುವ (ಮೆಮೊರಿ ಬಿಟ್ಟುಕೊಡುವ) ವ್ಯರ್ಥ ಓಡಾಟ ತಪ್ಪುತ್ತದೆ. ಹ್ಯಾಶಿಗೆ ಎಫ್‌ಎನ್‌ವಿ-1ಎ ಎಂಬ ಸರಳ ಸೂತ್ರ ಸಾಕು: 2166136261ರಿಂದ ಆರಂಭಿಸಿ, ಪ್ರತಿ ಬೈಟನ್ನು ಎಕ್ಸ್‌ಓಆರ್ (XOR) ಮಾಡಿ 16777619ರಿಂದ ಗುಣಿಸುತ್ತಾ ಹೋಗುವುದು, ಎಲ್ಲವೂ 32 ಬಿಟ್ ಅನ್‌ಸೈನ್ಡ್ ಸಂಖ್ಯೆಯಲ್ಲಿ. ಬೈಟುಗಳನ್ನು ಅನ್‌ಸೈನ್ಡ್ ಚಾರ್ ಆಗಿಯೇ ಓದಿ, ಏಕೆಂದರೆ ಕನ್ನಡದ ಎಲ್ಲ ಬೈಟುಗಳೂ 127ನ್ನು ಮೀರಿದವು ಮತ್ತು ಇಂಟೆಲ್ ಯಂತ್ರಗಳಲ್ಲಿ ಬರಿಯ ಚಾರ್ ಅವುಗಳನ್ನು ಋಣಸಂಖ್ಯೆಗಳಾಗಿ ನೋಡುತ್ತದೆ. ಮೊದಲ ಎರಡು ಮೂರು ಬೈಟುಗಳನ್ನಷ್ಟೇ ನೋಡುವ ಚುಟುಕು ಹ್ಯಾಶುಗಳನ್ನು ಖಂಡಿತ ಬಳಸಬೇಡಿ; ಕನ್ನಡದ ಪ್ರತಿ ಸಂಕೇತವೂ 224ರಿಂದ ಆರಂಭವಾಗಿ, ಅದರ ಎರಡನೆಯ ಬೈಟ್ 178 ಅಥವಾ 179 ಆಗಿಯೇ ಇರುತ್ತದೆ.

ಹೊಸ ಹೆಸರುಗಳ ಅಕ್ಷರಗಳನ್ನು ಎಲ್ಲಿಡಬೇಕು ಎಂಬ ವಿಷಯದಲ್ಲಿ ನಾನು ಪೆಟ್ಟು ತಿಂದಿದ್ದೇನೆ. ಹಿಂದೆ ಕೆಲಸ ಮಾಡುತ್ತಿದ್ದ ಕಡೆ ಊರುಗಳ ಹೆಸರಿಗಾಗಿ ಇಂಥದೇ ಟೇಬಲ್ ಬರೆದು, ಅಕ್ಷರಗಳನ್ನು ಒಂದೇ ಉದ್ದ ಬಫರಿನಲ್ಲಿಟ್ಟು, ಅದು ತುಂಬಿದಾಗ ರಿಯಲಾಕ್‌ ಎಂಬ ಫಂಕ್ಷನ್‌ನಿಂದ ಹಿಗ್ಗಿಸುತ್ತಿದ್ದೆ. 500 ಸಾಲುಗಳ ಪರೀಕ್ಷೆಯಲ್ಲಿ ಎಲ್ಲವೂ ಸರಿಯಾಗಿತ್ತು. ನಿಜವಾದ ಕಡತ ಕೊಟ್ಟಾಗ ಬಫರ್ ಬೆಳೆದು ಬೇರೆ ವಿಳಾಸಕ್ಕೆ ಹೋಯಿತು. ಅದಕ್ಕೆ ಮುಂಚೆ ಹಂಚಿದ್ದ ಪಾಯಿಂಟರ್‌ಗಳೆಲ್ಲ ಬಿಟ್ಟುಹೋದ ಜಾಗವನ್ನೇ ತೋರಿಸುತ್ತಾ ಉಳಿದವು. ವರದಿಯ ಮೊದಲ ಪುಟಗಳಲ್ಲಿ ಊರಿನ ಹೆಸರಿದ್ದ ಕಡೆ ಅರ್ಧ ಅಕ್ಷರಗಳೂ ಚೌಕಗಳೂ ಬಂದಿದ್ದವು, ಕೊನೆಯ ಪುಟಗಳು ಮಾತ್ರ ಸ್ವಚ್ಛವಾಗಿದ್ದವು. ಕಾರಣ ಹುಡುಕಲು ಎರಡು ದಿನ ಹಿಡಿಯಿತು. ಆದ್ದರಿಂದ 64 ಕಿಲೋಬೈಟಿನಂಥ ಬ್ಲಾಕುಗಳನ್ನು ಒಂದರ ನಂತರ ಒಂದರಂತೆ ಪಡೆಯಿರಿ, ಒಂದು ತುಂಬಿದರೆ ಇನ್ನೊಂದನ್ನು ಕೊಂಡಿ ಹಾಕಿ, ಹಳೆಯದನ್ನು ಎಂದಿಗೂ ಕದಲಿಸಬೇಡಿ. ಹ್ಯಾಶ್ ಟೇಬಲನ್ನು ಬೇಕಾದಷ್ಟು ಸಲ ಹಿಗ್ಗಿಸಬಹುದು, ಏಕೆಂದರೆ ಹೊರಗಿನವರ ಕೈಯಲ್ಲಿರುವುದು ಅಕ್ಷರಗಳ ವಿಳಾಸವೇ ಹೊರತು ಟೇಬಲಿನದಲ್ಲ.

ಕೋಡ್ ಇಷ್ಟೇ, ನೂರು ಸಾಲನ್ನು ದಾಟದು. ಕಷ್ಟವಿರುವುದು ಒಡೆತನದಲ್ಲಿ. ಸ್ಟ್ರ್‌ಡಪ್ ಮಾಡುತ್ತಿದ್ದಾಗ ಪ್ರತಿ ದಾಖಲೆಯೂ ತನ್ನ ಹೆಸರಿಗೆ ತಾನೇ ಒಡೆಯ: ತಿದ್ದಬಹುದಿತ್ತು, ಫ್ರೀ ಮಾಡಬಹುದಿತ್ತು. ಹಂಚಿಕೊಂಡ ಮೇಲೆ ಎರಡೂ ಸಲ್ಲದು. ಯಾರೋ ಒಬ್ಬರು ಒಂದು ದಾಖಲೆಯ ‘ರಾಗಿ’ಯನ್ನು ಫ್ರೀ ಮಾಡಿದರೆ ರಾಜ್ಯದ ಅಷ್ಟೂ ರಾಗಿ ದಾಖಲೆಗಳು ಹಾಳಾಗುತ್ತವೆ. ಫಂಕ್ಷನ್ ಕಾನ್ಸ್ಟ್ ಚಾರ್ ಪಾಯಿಂಟರನ್ನೇ (ತಿದ್ದಬಾರದು ಎಂದು ಗುರುತಿಸಿದ್ದನ್ನೇ) ಹಿಂದಿರುಗಿಸಲಿ, ಸ್ಟ್ರಕ್ಟಿನಲ್ಲೂ ಹಾಗೆಯೇ ಇರಲಿ, ಕಂಪೈಲರಿನ ಎಚ್ಚರಿಕೆಗಳನ್ನು ಕಾಸ್ಟ್ ಮಾಡಿ (ಬಲವಂತವಾಗಿ ಟೈಪ್ ಬದಲಿಸಿ) ಬಾಯಿ ಮುಚ್ಚಿಸಬೇಡಿ. ಬಿಡುಗಡೆ ಎಂಬುದು ಕೊನೆಯಲ್ಲಿ ಎಲ್ಲ ಬ್ಲಾಕುಗಳಿಗೂ ಒಟ್ಟಿಗೇ ಆಗಬೇಕು. ಒಂದೊಂದು ಹೆಸರಿಗೂ ರೆಫರೆನ್ಸ್ ಎಣಿಕೆ (ಎಷ್ಟು ಕಡೆ ಬಳಕೆಯಲ್ಲಿದೆ ಎಂಬ ಲೆಕ್ಕ) ಇಡುವ ದಾರಿಯೂ ಇದೆ, ಆದರೆ ನಿಮ್ಮಂತೆ ಓದಿ, ಲೆಕ್ಕ ಹಾಕಿ, ಮುಗಿಸುವ ಪ್ರೋಗ್ರಾಮಿಗೆ ಅದು ಅನಗತ್ಯ ಭಾರ ಎಂಬುದು ನನ್ನ ಅಭಿಪ್ರಾಯ. ಜಿಲಿಬ್ (GLib) ಎಂಬ ಬೇರೊಂದು ಲೈಬ್ರರಿ ಬಳಸುವುದಾದರೆ ಅದರ ಸ್ಟ್ರಿಂಗ್ ಚಂಕ್‌ನಲ್ಲಿ ಇನ್ಸರ್ಟ್ ಕಾನ್ಸ್ಟ್ ಎಂಬ ಫಂಕ್ಷನ್ ಇದೆ. ಪ್ರತಿ ತಪ್ಪಿಸುವುದು, ಕೊನೆಗೆ ಒಟ್ಟಿಗೆ ಬಿಡುಗಡೆ ಮಾಡುವುದು ಎರಡೂ ಅದರಲ್ಲೇ ಸಿಗುತ್ತವೆ.

ಇನ್ನೊಂದು ಲಾಭವೂ ಇದೆ. ಒಂದೇ ಟೇಬಲಿನಿಂದ ಬಂದ ಎರಡು ಹೆಸರುಗಳು ಸಮವೇ ಎಂದು ನೋಡಲು ಅಕ್ಷರಗಳನ್ನು ಹೋಲಿಸುವ ಸ್ಟ್ರ್‌ಕಂಪ್ ಬೇಕಿಲ್ಲ, ಪಾಯಿಂಟರ್‌ಗಳನ್ನು ಹೋಲಿಸಿದರೆ ಸಾಕು. ಆದರೆ ಟೇಬಲ್ ಸೇರದ ಸ್ಟ್ರಿಂಗ್ ಒಂದು ಆ ಹೋಲಿಕೆಗೆ ಬಂದರೆ ಯಾವ ದೋಷವನ್ನೂ ತೋರಿಸದೆ ತಪ್ಪು ಉತ್ತರ ಬರುತ್ತದೆ. ಅದಕ್ಕಾಗಿ ನಾನು ಇಂಥ ಪಾಯಿಂಟರನ್ನು ಒಂದೇ ಸದಸ್ಯವಿರುವ ಸ್ಟ್ರಕ್ಟಿನಲ್ಲಿ ಸುತ್ತಿ ಇಡುತ್ತೇನೆ. ಆಗ ಬರಿಯ ಸ್ಟ್ರಿಂಗನ್ನು ಕೊಟ್ಟರೆ ಕಂಪೈಲರೇ ತಡೆಯುತ್ತದೆ. ಅಕಾರಾದಿಯಾಗಿ ಜೋಡಿಸಲು ಮಾತ್ರ ಅಕ್ಷರಗಳನ್ನೇ ನೋಡಬೇಕು.

ಕನ್ನಡದ ಮಾಹಿತಿಯಾದ್ದರಿಂದ ಒಂದು ಎಚ್ಚರಿಕೆ ಕೊಡಲೇಬೇಕು. ‘ಕೋಲಾರ’ದ ‘ೋ’ ಚಿಹ್ನೆಯನ್ನು ಯೂನಿಕೋಡಿನಲ್ಲಿ ಒಂದೇ ಸಂಕೇತವಾಗಿಯೂ ಬರೆಯಬಹುದು, ಎತ್ವ, ಊತ್ವ ಮತ್ತು ದೀರ್ಘ ಚಿಹ್ನೆಗಳ ಮೂರು ಸಂಕೇತಗಳಾಗಿಯೂ ಬರೆಯಬಹುದು. ತೆರೆಯ ಮೇಲೆ ಎರಡೂ ಒಂದೇ, ಬೈಟುಗಳಲ್ಲಿ ಬೇರೆ; ಟೇಬಲಿನಲ್ಲಿ ಎರಡು ಕೋಲಾರಗಳಾಗುತ್ತವೆ, ನಿಮ್ಮ ಮೊತ್ತ ಎರಡಾಗಿ ಒಡೆಯುತ್ತದೆ. ಸೇರಿಸುವ ಮುನ್ನ ಎನ್‌ಎಫ್‌ಸಿ ರೂಪಕ್ಕೆ (ಇಂಥ ಚಿಹ್ನೆಗಳನ್ನು ಕೂಡಿಸಿ ಬರೆಯುವ ಯೂನಿಕೋಡಿನ ಏಕರೂಪಕ್ಕೆ) ತನ್ನಿ, ಹಿಂದುಮುಂದಿನ ಖಾಲಿ ಜಾಗವನ್ನೂ ಕತ್ತರಿಸಿ.

ಇಷ್ಟಾದ ಮೇಲೆ ಅಕ್ಷರಗಳ ಖರ್ಚು ಕೆಲವು ಕಿಲೋಬೈಟಿಗೆ ಇಳಿಯುತ್ತದೆ, 60 ಲಕ್ಷ ಪಾಯಿಂಟರ್‌ಗಳ 4.8 ಕೋಟಿ ಬೈಟ್ ಮಾತ್ರ ಉಳಿಯುತ್ತದೆ. ಅದೂ ಹೆಚ್ಚೆನಿಸಿದರೆ ಪ್ರತಿ ಹೆಸರಿಗೂ ಒಂದು ಕ್ರಮಸಂಖ್ಯೆ ಕೊಟ್ಟು, ದಾಖಲೆಯಲ್ಲಿ ಪಾಯಿಂಟರ್ ಬದಲು 16 ಬಿಟ್ ಸಂಖ್ಯೆಯನ್ನಿಡಿ, 1.2 ಕೋಟಿ ಬೈಟಿನಲ್ಲಿ ಮುಗಿಯುತ್ತದೆ. ಮುಂದೆ ರೈತರ ಹೆಸರು ಅಥವಾ ಸರ್ವೆ ನಂಬರಿನ ಕಾಲಂ ಸೇರಿಸುವುದಾದರೆ, ಅದರಲ್ಲಿ ಬೇರೆ ಬೇರೆ ಹೆಸರುಗಳು ಎಷ್ಟಿವೆ ಎಂದು ಮೊದಲು ಎಣಿಸಿ ನೋಡಿ. ಹೆಚ್ಚಿನವು ಒಮ್ಮೆ ಮಾತ್ರ ಬರುವಂತಿದ್ದರೆ ಅವನ್ನು ಈ ಟೇಬಲಿಗೆ ಹಾಕದೆ, ಬರಿಯ ಬ್ಲಾಕುಗಳಲ್ಲಿ ಒತ್ತಾಗಿ ಇಡಿ.