ಗಂಡ-ಹೆಂಡತಿ ಇಬ್ಬರೇ ಹಾಯಿದೋಣಿಯಲ್ಲಿ ಐರ್ಲೆಂಡಿನ ದಕ್ಷಿಣ ತೀರದಲ್ಲಿ ಹೋಗಿಬರಬಹುದೇ, ಮೂರನೆಯವರು ಬೇಕೇ?

ಇಬ್ಬರೇ ಸಾಕು. ನಾವು ಕಾರ್ಕ್‌ನಲ್ಲಿ ಇರೋದು. ಹೋದ ವರ್ಷ ಜೂನ್‌ನಲ್ಲಿ ನಾನು, ನನ್ನ ಗಂಡ ನಮ್ಮ 28 ಅಡಿಯ ಹಳೇ ದೋಣಿಯಲ್ಲಿ ಕ್ರಾಸ್‌ಹೇವನ್‌ನಿಂದ ಪಶ್ಚಿಮಕ್ಕೆ ಕ್ರುಕ್‌ಹೇವನ್‌ವರೆಗೆ ಹೋಗಿ ಬಂದೆವು. ಆದರೆ ಇಬ್ಬರು ಅನ್ನೋದು ಬರೀ ಲೆಕ್ಕಕ್ಕೆ. ಒಬ್ಬರು ಮಲಗಿದ್ದರೆ, ಇಲ್ಲಾ ವಾಂತಿ ಮಾಡಿಕೊಳ್ಳುತ್ತಿದ್ದರೆ, ಚುಕ್ಕಾಣಿ ಹಿಡಿದವರು ಒಂಟಿಯೇ. (ಮೊದಲ ದಿನ ವಾಂತಿ ಮಾಡಿಕೊಂಡಿದ್ದು ನಾನಲ್ಲ.) ಅದಕ್ಕೇ ನಾವು ರಾತ್ರಿ ಪ್ರಯಾಣ ಇಟ್ಟುಕೊಳ್ಳಲೇ ಇಲ್ಲ.

ಪೂರ್ವ ತೀರಕ್ಕಿಂತ ದಕ್ಷಿಣ ತೀರ ಸಲೀಸು. ಐರಿಶ್ ಸಮುದ್ರದ ಕಡೆ ಉಬ್ಬರ-ಇಳಿತದ ಸೆಳೆತ ಜಾಸ್ತಿ, ಆರ್ಕ್ಲೋ ಬ್ಯಾಂಕ್‌ನಂಥ ಮರಳುದಿಬ್ಬಗಳೂ ಇವೆ. ಇಲ್ಲಿ ಕೆಲವೇ ಗಂಟೆಗಳಿಗೊಂದು ಬಂದರು ಸಿಗುತ್ತೆ: ಕಿನ್ಸೇಲ್, ಗ್ಲ್ಯಾಂಡೋರ್, ಬಾಲ್ಟಿಮೋರ್. ತೊಂದರೆ ಏನಂದರೆ ಗಾಳಿ ಹೆಚ್ಚಾಗಿ ನೈಋತ್ಯದ್ದು. ಪಶ್ಚಿಮಕ್ಕೆ ಹೊರಟರೆ ಮುಖಕ್ಕೇ ಹೊಡೆಯುತ್ತೆ. ಎದುರುಗಾಳಿಗೆ ಹಾಯಿದೋಣಿ ನೇರ ಹೋಗಲ್ಲ, ಅಂಕುಡೊಂಕಾಗಿ ಹೋಗಬೇಕು. 20 ಮೈಲಿ ದಾರಿ 30 ಆಗುತ್ತೆ. ಗಾಳಿ ತಿರುಗಲಿ ಅಂತ ಕಿನ್ಸೇಲ್‌ನಲ್ಲಿ ಎರಡು ದಿನ ಸುಮ್ನೆ ಕೂತಿದ್ದೆವು. ರೇಡಿಯೊದಲ್ಲಿ ಕೋಸ್ಟ್ ಗಾರ್ಡ್ ಓದುವ ಹವಾಮಾನ ವರದಿ ಭೂಶಿರದ ಹೆಸರಲ್ಲೇ ಬರುತ್ತೆ, ರೋಚಸ್ ಪಾಯಿಂಟ್‌ನಿಂದ ಮಿಝೆನ್ ಹೆಡ್‌ವರೆಗೆ ಅನ್ನೋ ಹಾಗೆ. ಆ ಹೆಸರುಗಳನ್ನು ಮೊದಲೇ ಬಾಯಿಪಾಠ ಮಾಡಿಕೊಳ್ಳಿ.

ಓಲ್ಡ್ ಹೆಡ್ ಆಫ್ ಕಿನ್ಸೇಲ್ ಮತ್ತು ಗ್ಯಾಲಿ ಹೆಡ್ ತುದಿಗಳಲ್ಲಿ ಸೆಳೆತ ಒಂದು ಕಡೆ, ಗಾಳಿ ಇನ್ನೊಂದು ಕಡೆ ಇದ್ದರೆ ನೀರು ಕುದಿಯೋ ಸಾರಿನ ಹಾಗೆ ಆಗುತ್ತೆ. ಅಲ್ಲಿ ದಡದಿಂದ ದೂರ ಇರಿ.

ನಮಗೆ ಪಾಠ ಕಲಿಸಿದ್ದು ಮಾತ್ರ ಅಲೆಯಲ್ಲ, ಒಂದು ಹಗ್ಗ. ಗಾಳಿ ಸತ್ತಿತ್ತು, ಇಂಜಿನ್ ಹಾಕಿದ್ದೆವು. ಧಡ್ ಅಂತ ಸದ್ದಾಗಿ ನಿಂತುಹೋಯಿತು. ಏಡಿ ಹಿಡಿಯಲು ಮೀನುಗಾರರು ಕೆಳಗೆ ಬುಟ್ಟಿ ಬಿಟ್ಟಿರುತ್ತಾರಲ್ಲ, ಅದರ ಹಗ್ಗ ಪ್ರೊಪೆಲ್ಲರ್‌ಗೆ ಸುತ್ತಿಕೊಂಡಿತ್ತು. ಅದರ ತೇಲು ಒಂದು ಕಪ್ಪಗಾದ ಎಣ್ಣೆ ಕ್ಯಾನ್, ಸೆಳೆತಕ್ಕೆ ಅರ್ಧ ಮುಳುಗಿತ್ತು. ಯಾರಿಗೆ ಕಾಣಬೇಕು? ನನ್ನ ಗಂಡ ದೋಣಿಯ ಹಿಂಬದಿಯಲ್ಲಿ ಬೋರಲು ಮಲಗಿ, ಉದ್ದನೆಯ ಕೊಕ್ಕೆಕೋಲಿನ ತುದಿಗೆ ಬ್ರೆಡ್ ಚಾಕು ಕಟ್ಟಿಕೊಂಡು ನಲವತ್ತು ನಿಮಿಷ ಕುಯ್ದ. ನಾನು ಅವನ ಸೇಫ್ಟಿ ಬೆಲ್ಟ್ ಹಿಡಿದುಕೊಂಡೇ ದಡ ಎಷ್ಟು ಹತ್ತಿರ ಬಂತು ಅಂತ ನೋಡುತ್ತಿದ್ದೆ. ಬಯ್ಯೋಕೂ ಪುರುಸೊತ್ತಿರಲಿಲ್ಲ. ಈಗ ಇಂಜಿನ್ ಓಡುತ್ತಿದ್ದರೆ ಒಬ್ಬರ ಕಣ್ಣು ನೀರಿನ ಮೇಲೇ ಇರಬೇಕು, ಆಟೋಪೈಲಟ್ ಹಾಕಿ ಇಬ್ಬರೂ ಒಳಗೆ ಟೀ ಕುಡಿಯೋ ಹಾಗಿಲ್ಲ.

ಗ್ಲ್ಯಾಂಡೋರ್ ಬಂದರಿನ ಬಾಯಲ್ಲಿ ಆಡಮ್, ಈವ್ ಅಂತ ಎರಡು ಪುಟ್ಟ ದ್ವೀಪಗಳಿವೆ. ಆಡಮ್‌ನಿಂದ ದೂರ ಇರು, ಈವ್‌ಳನ್ನು ಅಪ್ಪಿಕೋ ಅಂತ ಅಲ್ಲಿಯವರ ಮಾತು. ಅಡಿಯಲ್ಲಿ ಬಂಡೆಗಳಿವೆ, ತಮಾಷೆ ಅಂದುಕೊಳ್ಳಬೇಡಿ.

ಕಿನ್ಸೇಲ್ ದಾಟಿದ ಮೇಲೆ ಮರೀನಾ (ದೋಣಿ ಕಟ್ಟಿ ನಿಲ್ಲಿಸುವ ಜಾಗ) ಕಡಿಮೆ, ಹಾಗಾಗಿ ಲಂಗರು ಹಾಕೋದು ಇಬ್ಬರಿಗೂ ಬರಬೇಕು. ಇಲ್ಲೇ ಜಗಳ ಜಾಸ್ತಿ. ಇಂಜಿನ್ ಸದ್ದಿನಲ್ಲಿ ಕೂಗಿದ್ದು ಕೇಳಲ್ಲ, ನಾವು ಕೈಸನ್ನೆ ಮಾಡಿಕೊಂಡೆವು.

ಫಾಸ್ಟ್‌ನೆಟ್ ದೀಪಸ್ತಂಭ ಸುತ್ತಬೇಕಂತ ಆಸೆ ಇದ್ದರೆ ಬಾಲ್ಟಿಮೋರ್‌ನಿಂದ ಬೆಳಿಗ್ಗೆ ಬೇಗ ಹೊರಡಿ. ಈ ದೀಪಸ್ತಂಭ ಸುತ್ತಿ ಬರುವ ಫಾಸ್ಟ್‌ನೆಟ್ ಹಾಯಿದೋಣಿ ರೇಸಿನಲ್ಲಿ 1979ರ ಬಿರುಗಾಳಿಗೆ 15 ಜನ ನಾವಿಕರು ತೀರಿಕೊಂಡಿದ್ದರು, ಹಾಗಾಗಿ ಹವಾಮಾನ ವರದಿ ಸ್ವಲ್ಪ ಅನುಮಾನವಾಗಿದ್ದರೂ ಬಿಟ್ಟುಬಿಡಿ. ವಾಪಸ್ ಬರುವಾಗ ಗಾಳಿ ಬೆನ್ನಿಗೆ ಇರುತ್ತೆ, ನಮಗೆ ಹೋಗುವಾಗ ಹಿಡಿದ ದಿನಗಳಲ್ಲಿ ಅರ್ಧವೇ ಸಾಕಾಯಿತು.