ಪೀಣ್ಯದ ನಮ್ಮ ಫ್ಯಾಕ್ಟರಿಗೆ ಇಆರ್‌ಪಿ (ಸ್ಟೋರ್, ಪರ್ಚೇಸ್, ಸಂಬಳ ಎಲ್ಲದರ ಲೆಕ್ಕ ಒಂದೇ ಕಡೆ ಇಡೋ ಸಾಫ್ಟ್‌ವೇರ್) ಬರ್ತಿದೆ. ಕೆಲಸಗಾರರ ವಿರೋಧ ತಗ್ಗಿಸೋಕೆ ಬದಲಾವಣೆ ನಿಭಾಯಿಸೋ ಎರಡು ವಿಧಾನಗಳಲ್ಲಿ ಯಾವುದು ಒಳ್ಳೇದು: ಕಾಟರ್ ಮಾಡೆಲ್ಲಾ, ಆಡ್ಕಾರ್ (ADKAR) ಮಾಡೆಲ್ಲಾ?

ಯಾವುದಾದ್ರೂ ನಡೆಯುತ್ತೆ. ಇಂಥದ್ದೇ ಕಡೆ ಇದೇ ಕೆಲಸದಲ್ಲಿದ್ದವನು ನಾನು, ಅದಕ್ಕೇ ನೇರವಾಗಿ ಹೇಳ್ತೀನಿ: ವಿರೋಧ ನಿಮ್ಮ ಸಮಸ್ಯೆಯೇ ಅಲ್ಲ. ಎಲ್ಲಾ ಕೆಡೋದು ಮ್ಯಾನೇಜ್‌ಮೆಂಟ್‌ನವರ "ಮೂರು ತಿಂಗಳು ರಿಜಿಸ್ಟರೂ ಇರಲಿ, ಸಿಸ್ಟಮ್ಮೂ ಇರಲಿ" ಅನ್ನೋ ಮಾತಿಂದ.

ರಿಜಿಸ್ಟರ್ ಇದ್ರೆ ಸ್ಟೋರ್‌ಕೀಪರ್ ಮಾಲು ಇಳಿದ ತಕ್ಷಣ ಅದರಲ್ಲೇ ಬರೀತಾರೆ. ಸಿಸ್ಟಮ್ಮಿಗೆ ಹಾಕೋದು ಶಿಫ್ಟ್ ಮುಗಿಯೋವಾಗ. ಅಷ್ಟರಲ್ಲಿ ಮಾಲು ಲೈನಿಗೆ ಹೋಗಿರುತ್ತೆ; ಜಿಆರ್‌ಎನ್ (ಮಾಲು ಬಂತು ಅನ್ನೋ ಎಂಟ್ರಿ) ಆಗದೇ ಇಶ್ಯೂ (ಮಾಲು ಲೈನಿಗೆ ಕೊಟ್ಟ ಎಂಟ್ರಿ) ಹಾಕಿದ್ರೆ ಸ್ಟಾಕ್ ಮೈನಸ್, ಇಲ್ಲಾ ಎಂಟ್ರಿಯೇ ತಗೊಳಲ್ಲ. ಪರ್ಚೇಸ್‌ನವರು ಸ್ಕ್ರೀನ್ ನೋಡಿ, ಇರೋ ಬೇರಿಂಗನ್ನೇ ಮತ್ತೆ ಆರ್ಡರ್ ಮಾಡ್ತಾರೆ. ಎರಡು ಸಲ ಹೀಗಾದ್ರೆ ಅವರೂ ಫೋನ್ ಮಾಡಿ "ರಿಜಿಸ್ಟರಲ್ಲಿ ಎಷ್ಟಿದೆ ನೋಡಿ ಹೇಳ್ರೀ" ಅಂತಾರೆ. ಅಲ್ಲಿಗೆ ಇಆರ್‌ಪಿ ಮುಗೀತು. ಒಬ್ಬನ ತಲೆ ಮೇಲೆ ಡಬಲ್ ಕೆಲಸ ಹೊರಿಸಿ, ಆಮೇಲೆ ಅದಕ್ಕೆ ವಿರೋಧ ಅಂತ ಹೆಸರಿಡೋದು ನ್ಯಾಯವಲ್ಲ.

ನಮ್ಮ ಕರ್ನಾಟಕ ಸರ್ಕಾರದ, ಜಮೀನು ದಾಖಲೆ ಕಂಪ್ಯೂಟರಿಗೆ ಹಾಕಿದ 'ಭೂಮಿ' ಯೋಜನೆ ನೋಡಿ. ತಾಲ್ಲೂಕಲ್ಲಿ ಕಂಪ್ಯೂಟರ್ ಪಹಣಿ ಶುರುವಾದ ಮೇಲೆ ಕೈಬರಹದ ಪಹಣಿಗೆ ಮಾನ್ಯತೆ ಇರಲಿಲ್ಲ. ಆದ್ರೆ ಅದಕ್ಕೆ ಮೊದಲು ಸುಮಾರು 2 ಕೋಟಿ ಪಹಣಿ ಟೈಪ್ ಆಗಿತ್ತು. ಈ ಎರಡನೇ ಭಾಗವನ್ನೇ ಎಲ್ಲರೂ ಹಾರಿಸಿಬಿಡ್ತಾರೆ.

ನೀವೂ ಹಾಗೇ ಮಾಡಿ. ಮೊದಲು ಐಟಂ ಮಾಸ್ಟರ್ (ಎಲ್ಲಾ ಮಾಲಿನ ಹೆಸರು, ಕೋಡ್ ಪಟ್ಟಿ) ತೊಳೀರಿ, ಒಂದೇ ಎಂ8 ಬೋಲ್ಟಿಗೆ ಮೂರು ಕೋಡ್ ಇದ್ದೇ ಇರುತ್ತೆ. ಶುಕ್ರವಾರ ಸಂಜೆ ಕೊನೇ ಜಿಆರ್‌ಎನ್, ಆಮೇಲೆ ಮಾಲಿನ ಓಡಾಟ ಬಂದ್. ಶನಿವಾರ ಎರಡು ತಂಡ ಬೇರೆಬೇರೆ ಎಣಿಸಲಿ, ತಾಳೆಯಾಗದ ಬಿನ್ (ಮಾಲಿಡೋ ಖಾನೆ) ಮಾತ್ರ ಮೂರನೇ ಸಲ. ಲೈನಲ್ಲಿ ಅರ್ಧ ಆಗಿರೋ ಮಾಲು, ಪ್ಲೇಟಿಂಗಿಗೆ, ಹೀಟ್ ಟ್ರೀಟ್‌ಮೆಂಟಿಗೆ ಹೊರಗೆ ಹೋಗಿರೋದು ಮರೀಬೇಡಿ. ಪೀಣ್ಯದಲ್ಲಿ ಲೆಕ್ಕ ತಪ್ಪೋದು ಅಲ್ಲೇ. ಭಾನುವಾರ ಅಪ್‌ಲೋಡ್. ಸೋಮವಾರ ಫಸ್ಟ್ ಶಿಫ್ಟಿಗೆ ಮುಂಚೆ ರಿಜಿಸ್ಟರಿಗೆ ಗೆರೆ ಎಳೆದು, ಸಹಿ ಹಾಕಿಸಿ, ಬೀರುವಿಗೆ ಬೀಗ. ಕೀ ಪ್ಲಾಂಟ್ ಹೆಡ್ ಹತ್ರ.

ಕರೆಂಟ್ ಹೋದ್ರೆ? ನಂಬರ್ ಹಾಕಿದ ಸ್ಲಿಪ್ ಪುಸ್ತಕ ಕೊಡಿ. ಬರೆದದ್ದು ಅದೇ ಶಿಫ್ಟಲ್ಲಿ ಎಂಟ್ರಿ ಆಗಬೇಕು, ಸ್ಲಿಪ್ ನಂಬರ್ ಸೂಪರ್‌ವೈಸರ್ ತಾಳೆ ನೋಡಬೇಕು. ಇಲ್ಲಾಂದ್ರೆ ಅದೇ ಹೊಸ ರಿಜಿಸ್ಟರ್ ಆಗುತ್ತೆ.

ಟ್ರೈನಿಂಗ್ ಕೊನೇ ಎರಡು ವಾರದಲ್ಲಿ, ಕನ್ನಡದಲ್ಲಿ, ಅವರದೇ ಡೆಲಿವರಿ ಚಲನ್ ಹಿಡಿದು. ಸೆಕೆಂಡ್ ಶಿಫ್ಟಿಗೂ ತಿಳಿದವರೊಬ್ಬರು ನಿಂತಿರಲಿ.

ಸಂಬಳ ಮಾತ್ರ ಬೇರೆ. ಅದನ್ನು ಎರಡು ತಿಂಗಳು ಹಳೇದರಲ್ಲೂ ಹೊಸದರಲ್ಲೂ ಹಾಕಿ, ಓಟಿ, ಪಿಎಫ್ ಒಬ್ಬೊಬ್ಬರದೂ ತಾಳೆ ನೋಡಿ. ಹೊಸ ಸಿಸ್ಟಮ್ ಶುರು ಮಾಡೋಕೆ ಮಾರ್ಚ್ ಕೊನೆ, ಆಯುಧಪೂಜೆ ವಾರ, ಎರಡೂ ಬೇಡ.